ನನ್ನ ತಾಯಿಯನ್ನು ಗದ್ದಲವೆಂದು ಬಗೆದ ತಂತ್ರಾಂಶಕ್ಕೆ

ಬ್ರೌಸರಿನ ಟ್ಯಾಬಿನೊಳಗೆ ಬಾಡಿಗೆಯಿಲ್ಲದೆ ವಾಸವಾಗಿದ್ದು, ಹಾಡು ಮುದ್ರಿಸುವ, ಕತ್ತರಿಸುವ, ಜೋಡಿಸುವ ವಿದ್ಯೆಯನ್ನೆಲ್ಲ ಲೋಕಕ್ಕೆ ಪುಕ್ಕಟೆಯಾಗಿ ಧಾರೆಯೆರೆಯುತ್ತಿರುವ ಮುಕ್ತ ತಂತ್ರಾಂಶ ಮಹಾಶಯರೇ, ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ; ನಾವು ಕ್ಷೇಮವಿಲ್ಲ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದೆಂಬುದು ದರ್ಜಿಯಾದ ನನಗೂ ಗೊತ್ತು. ಆದರೆ ಆ ಹಸು ಹಾಯ್ದ ಮೇಲೂ ಸುಮ್ಮನಿರಬೇಕೆಂದು ಯಾವ ಗಾದೆಯೂ ಹೇಳಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ದೂರದೂರಿನಲ್ಲಿರುವ ನನ್ನ ತಂಗಿಯ ಕೂಸು ಮಲಗುತ್ತಿರಲಿಲ್ಲ. "ಅಮ್ಮನ ಲಾಲಿ ರೆಕಾರ್ಡ್ ಮಾಡಿ ಕಳಿಸೋ ಅಣ್ಣಾ, ನಿನ್ನ ದಮ್ಮಯ್ಯ" ಎಂದು ಅವಳು ಫೋನಿನಲ್ಲಿ ಅತ್ತಳು. ನಮ್ಮಮ್ಮನೋ, ಹೊಲಿಗೆ ಯಂತ್ರ ತುಳಿಯದೆ ಹಾಡುವವಳಲ್ಲ. ಕಾಲು ನಿಂತರೆ ಪದ ಮರೆತು ಬರೀ ಗುನುಗುತ್ತಾಳೆ. ಹೀಗಾಗಿ ಅಂಗಡಿಯಲ್ಲೇ, ಯಾರದೋ ಪ್ಯಾಂಟಿನ ಅಂಚು ಮಡಿಸಿ ಹೊಲಿಯುತ್ತಿದ್ದವಳ ಎದುರು ಲ್ಯಾಪ್‌ಟಾಪ್ ತೆರೆದಿಟ್ಟು ತಮ್ಮ ಕೆಂಪು ಗುಂಡಿಯನ್ನು ಒತ್ತಿದೆ.

ಹಾಡಿನ ತುಂಬ ಯಂತ್ರದ ಕಟಕಟ. ಅದಕ್ಕೂ ತಮ್ಮಲ್ಲಿ ಗದ್ದಲ ತೆಗೆಯುವ ಸೌಲಭ್ಯವಿತ್ತು. ನಿಶ್ಶಬ್ದವಿರುವ ತುಣುಕೊಂದನ್ನು ತೋರಿಸಿದರೆ ಅದರಲ್ಲಿ ಕೇಳುವುದನ್ನೆಲ್ಲ ಗದ್ದಲವೆಂದು ತಿಳಿದು ಇಡೀ ಹಾಡಿನಿಂದ ಅಳಿಸುವುದಾಗಿ ಅಪ್ಪಣೆ ಕೊಡಿಸಿದಿರಿ. ಮಾನ್ಯರೇ, ದರ್ಜಿಯ ಮನೆಯಲ್ಲಿ ನಿಶ್ಶಬ್ದವೆಂದರೆ ಯಂತ್ರ ನಿಂತ ಹೊತ್ತು. ಬಾಬಿನ್ನಿನ ದಾರ ಮುಗಿದು ಅಮ್ಮ ಗುನುಗುತ್ತಾ ಡಬ್ಬಿ ತಡಕಾಡಿದ ತುಣುಕನ್ನೇ ವಿನಯದಿಂದ ತಮಗೆ ಒಪ್ಪಿಸಿದೆ. ಆಹಾ, ತಾವು ಎಂಥ ನಿಷ್ಠಾವಂತರು! ಹೆತ್ತ ತಾಯಿಯನ್ನು ಒಂದು ಉಸಿರೂ ಉಳಿಯದಂತೆ ಗುಡಿಸಿಹಾಕಿ, ಹೊಲಿಗೆ ಯಂತ್ರವೊಂದನ್ನೇ ಗಾಯಕನ ಹಾಗೆ ವೇದಿಕೆ ಹತ್ತಿಸಿದಿರಿ. ನಾನು ಕೇಳಿಯೂ ನೋಡದೆ ತಂಗಿಗೆ ಕಳಿಸಿದೆ. ಟ್ಯಾಬ್ ಮುಚ್ಚಿದರೆ ಉಳಿಸದ ಕೆಲಸವೆಲ್ಲ ಹೋಗುತ್ತದೆ, ಮುಚ್ಚಲೇ ಎಂದು ತಾವು ಕೇಳಿದ್ದಕ್ಕೆ ಹೂಂ ಅಂದೆ; ಅಮ್ಮನಿದ್ದ ಮೂಲ ಹಾಡೂ ಅದರೊಂದಿಗೇ ಹೋಯಿತು.

"ಅಣ್ಣಾ, ಇದರಲ್ಲಿ ಅಮ್ಮ ಎಲ್ಲಿ?" ಎಂದು ತಂಗಿ ಕೇಳಿದಾಗ ಅಮ್ಮ ಪಕ್ಕದಲ್ಲೇ ಇದ್ದಳು. ನಡೆದದ್ದನ್ನು ನನ್ನಿಂದಲೇ ಹೇಳಿಸಿಕೊಂಡು, "ಓಹೋ, ನಾನು ಗದ್ದಲವೇನೋ? ಸರಿಬಿಡು, ಇನ್ಮೇಲೆ ಬಾಯೇ ಬಿಡಲ್ಲ" ಎಂದವಳು ಇವತ್ತಿನವರೆಗೂ ಹಾಡಿಲ್ಲ. ಯಂತ್ರ ಓಡುತ್ತಲೇ ಇದ್ದರೂ ಅಂಗಡಿ ಬಿಕೋ ಎನ್ನುತ್ತಿದೆ. ನನಗೆ ಬಹಳ ಸಂಕಟವಾಗುತ್ತಿದೆ.

ತಮ್ಮ ಒಳಗನ್ನು ಯಾರು ಬೇಕಾದರೂ ತೆರೆದು ನೋಡಿ ತಿದ್ದಬಹುದಂತೆ, ನಾವು ಬಟ್ಟೆ ತಿರುವಿ ಒಳಹೊಲಿಗೆ ತೋರಿಸುವ ಹಾಗೆ. ಭಲೇ! ನಾನೂ ತೆರೆದು ನೋಡಿದೆ, ತಲೆಬುಡ ತಿಳಿಯಲಿಲ್ಲ. ಆದ್ದರಿಂದ ತಾವೇ ಕೃಪೆಮಾಡಿ, ದನಿ ಕೇಳಿದೊಡನೆ ಇದು ಯಾರದೋ ತಾಯಿ ಇರಬೇಕೆಂದು ಅನುಮಾನಿಸುವಷ್ಟು ಬುದ್ಧಿಯನ್ನೂ, ಮುನಿದ ಅಮ್ಮನನ್ನು ಹಿಂದಿನ ಸ್ಥಿತಿಗೆ ತರುವ ಒಂದು ಗುಂಡಿಯನ್ನೂ ಅಳವಡಿಸಿಕೊಳ್ಳಬೇಕು. ಅದಾಗದಿದ್ದರೆ ಟ್ಯಾಬಿನಿಂದ ಇಳಿದು ಬಂದು, ನಮ್ಮ ಅಂಗಡಿಯ ಹೊಸ್ತಿಲಲ್ಲಿ ನಿಂತು "ತಪ್ಪಾಯ್ತಮ್ಮಾ" ಎನ್ನಬೇಕು. ತಪ್ಪು ನನ್ನದೂ ಇರಬಹುದೆಂಬ ಮಾತನ್ನು ಮಾತ್ರ ದಯಮಾಡಿ ಎತ್ತಬೇಡಿ. ಅದನ್ನು ಹೇಳುವುದಕ್ಕೆ ಮನೆಯಲ್ಲಿ ಹೆಂಡತಿ ಇದ್ದಾಳೆ.

ಬೈದರೂ ನಾಳೆ ಮತ್ತೆ ತಮ್ಮ ಬಾಗಿಲನ್ನೇ ತಟ್ಟಬೇಕಾದ,
ತಮ್ಮ ವಿಶ್ವಾಸಿ,
ಗದ್ದಲದ ಏಕೈಕ ಸುಪುತ್ರ, ದರ್ಜಿ

ತಾ.ಕ.: ಇಷ್ಟು ಬರೆಯುವಷ್ಟರಲ್ಲಿ ತಂಗಿ ಮತ್ತೆ ಫೋನ್ ಮಾಡಿ, ಆ ಬರೀ ಕಟಕಟಕ್ಕೇ ಕೂಸು ಕಣ್ಣು ಮುಚ್ಚುತ್ತದೆ, ಆದರೆ ಬೆಚ್ಚಿ ಎದ್ದು ಏನನ್ನೋ ಹುಡುಕುತ್ತದೆ ಎಂದಳು. "ಹುಡುಕದೆ ಇನ್ನೇನು ಮಾಡುತ್ತೆ, ಪಾಪ" ಎಂದ ಅಮ್ಮ, ನನ್ನ ಮುಖ ನೋಡದೆಯೇ ಯಂತ್ರ ತುಳಿಯುತ್ತಾ ಪೂರ್ತಿ ಲಾಲಿ ಹಾಡಿಕೊಟ್ಟಳು. ಈ ಸಲ ಏನನ್ನೂ ಅಳಿಸದೆ ಇದ್ದದ್ದನ್ನು ಇದ್ದ ಹಾಗೇ ಕಳಿಸಿದೆ. ಈಗಷ್ಟೇ ಉತ್ತರ ಬಂದಿದೆ: "ಅಮ್ಮನೂ ಇದ್ದಾಳೆ, ಮಿಷನ್ನೂ ಇದೆ, ಮಗು ಮಲಗಿತು. ಹಿಂದುಗಡೆ ಯಾರೋ ಗೊಣಗ್ತಾ ಇದ್ದಾರಲ್ಲ, ಆ ಗದ್ದಲ ಒಂದನ್ನ ತೆಗೆಸು ಅಣ್ಣಾ." ಅದು ತಮಗೆ ಬರೆದ ಈ ಪತ್ರವನ್ನು ಓದಿ ತಿದ್ದುತ್ತಿದ್ದ ನನ್ನ ದನಿ.