ಹುಷಾರಪ್ಪನವರ ಉಗ್ರಾಣ

ಒಂದೇ ಒಂದು ಸಾಲು. ಅದನ್ನು ಬರೆಯದಿದ್ದರೆ ಹುಷಾರಪ್ಪನವರ ಬುಧವಾರ ಎಂದಿನ ಬುಧವಾರದ ಹಾಗೆ ಸದ್ದಿಲ್ಲದೆ ಕಳೆದುಹೋಗುತ್ತಿತ್ತು. "ನಾನಂತೂ ನಮ್ಮ ಮನೆಯ ಉಗ್ರಾಣದಲ್ಲಿ ಮೂರು ತಿಂಗಳಿಗೆ ಬೇಕಾದ್ದನ್ನೆಲ್ಲ ತುಂಬಿಟ್ಟುಕೊಂಡಿದ್ದೇನೆ. ನೀವು?" ಇಷ್ಟೇ. ಅದರಲ್ಲೂ ಕೊನೆಯ ಆ 'ನೀವು?' ಇದೆಯಲ್ಲ, ಎಡವಟ್ಟು ಮಾಡಿದ್ದೆಲ್ಲ ಅದೇ.

ಹುಷಾರಪ್ಪ ಅನ್ನುವುದು ಅವರ ಹೆಸರಲ್ಲ ಬಿಡಿ. ಪತ್ರಿಕೆಯಲ್ಲಿ ಪ್ರತಿ ಬುಧವಾರ 'ಹುಷಾರ್!' ಅಂತ ಅಂಕಣ ಬರೆಯುತ್ತಿದ್ದರಿಂದ ಕಟ್ಟಡದವರು ಇಟ್ಟದ್ದು. ಏಳು ವರ್ಷಕ್ಕೂ ಮೇಲಾಯಿತು, ಮನುಷ್ಯ ಹುಷಾರು ಹೇಳುತ್ತಲೇ ಬಂದಿದ್ದರು. ರಾಜ್ಯ ಸರ್ಕಾರ ಸಾಲ ಮಾಡಿ ಬಿಟ್ಟಿ ಹಂಚುತ್ತಿದೆ, ಹುಷಾರ್! ನೋಟು ಅಚ್ಚು ಹಾಕಿದಷ್ಟೂ ಚೀಲ ಹಗುರವಾಗುತ್ತದೆ, ಹುಷಾರ್! ದೂರದ ಜಲಸಂಧಿಯಲ್ಲಿ ಎರಡು ದೇಶದ ಯುದ್ಧನೌಕೆಗಳು ಒಂದನ್ನೊಂದು ಗುರಾಯಿಸಿಕೊಂಡು ನಿಂತಿವೆ, ಇಲ್ಲಿ ನಮ್ಮ ಮಂತ್ರಿಗಳು ರಿಬ್ಬನ್ ಕತ್ತರಿಸುತ್ತಿದ್ದಾರೆ, ಹುಷಾರ್! ಅವರು ಹೇಳಿದ್ದರಲ್ಲಿ ಎಷ್ಟೋ ನಿಜವೂ ಆಗಿತ್ತು. ಎಲ್ಲಕ್ಕೂ ಮೇಲೆ ಅವರದೊಂದು ಮಂತ್ರವಿತ್ತು: ಸ್ವಂತ ಕಾಲ ಮೇಲೆ ನಿಲ್ಲಲಾರದ್ದನ್ನು ಯಾರೂ ಎತ್ತಿ ಹಿಡಿಯಬಾರದು, ಅದು ಕಾರ್ಖಾನೆಯಾಗಲಿ, ಮನುಷ್ಯನಾಗಲಿ. ಇದನ್ನು ಬರೆಯದ ತಿಂಗಳೇ ಇಲ್ಲ.

ಎದುರು ಮನೆಯ ಟೈಲರ್‌ಗೆ ಈ ಮಂತ್ರ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಅವನು ಬದುಕು ಕಟ್ಟಿಕೊಂಡದ್ದೇ ಸರ್ಕಾರ ಬಿಟ್ಟಿ ಕೊಟ್ಟ ಹೊಲಿಗೆ ಯಂತ್ರದಿಂದ. "ಒಂದು ದಿನ ನಿಮ್ಗೂ ಗೊತ್ತಾಗುತ್ತೆ ಸಾರ್" ಅಂತ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಹೇಳುತ್ತಿದ್ದ.

ಹತ್ತು ತಿಂಗಳ ಹಿಂದೆ ಹುಷಾರಪ್ಪನವರ ಹೆಂಡತಿ ತೀರಿಕೊಂಡರು. ಆಮೇಲೆ ಅಂಕಣಕ್ಕೂ ಗ್ರಹಚಾರ ಸುತ್ತಿಕೊಂಡಿತು. ಅವರ ಪತ್ರಿಕೆಯಲ್ಲಿ ಒಂದು ಪದ್ಧತಿ. ಯಾವ ಅಂಕಣಕಾರನ ದಿನ ಅವನ ಬೀದಿಯ ಪೇಪರ್ ಅಂಗಡಿಯಲ್ಲಿ ಉಳಿದ ದಿನಕ್ಕಿಂತ ಎಷ್ಟು ಪ್ರತಿ ಹೆಚ್ಚು ಹೋಗುತ್ತದೆ ಅನ್ನುವುದರ ಮೇಲೆ ಅವನ ಅನ್ನದ ತೀರ್ಮಾನ. ಬುಧವಾರ ಹುಷಾರಪ್ಪನವರ ಬೀದಿಯಲ್ಲಿ ಮೂವತ್ತು ಪ್ರತಿ ಹೆಚ್ಚು ಹೋಗುತ್ತಿತ್ತು. ಹತ್ತು ತಿಂಗಳಿಂದ ಒಂದೂ ಹೆಚ್ಚಿಲ್ಲ. ಜನಕ್ಕೆ ಬುದ್ಧಿ ಕೆಟ್ಟಿದೆ, ದೇಶ ಕೈಬಿಟ್ಟು ಹೋಯಿತು ಅಂತ ಹುಷಾರಪ್ಪನವರು ಅದರ ಮೇಲೂ ಎರಡು ಅಂಕಣ ಬರೆದರು. ಅವೂ ಹೋಗಲಿಲ್ಲ.

ಕಳೆದ ವಾರ ಸಂಪಾದಕ ಫೋನ್ ಮಾಡಿದ್ದ. "ಸರ್, ಇನ್ನೊಂದೇ ಬುಧವಾರ ನೋಡ್ತೀನಿ. ಅಂಗಡೀಲಿ ಪೇಪರ್ ಹೋದ್ರೆ ಸರಿ, ಇಲ್ಲಾಂದ್ರೆ ಆ ಜಾಗ ಪದಬಂಧಕ್ಕೆ ಕೊಡ್ತೀನಿ. ಸ್ವಲ್ಪ ಮನೆ ವಿಷಯ ಹಾಕಿ ಸರ್. ಜಲಸಂಧಿ ಅಂದ್ರೆ ಜನ ಪುಟ ತಿರುಗಿಸ್ತಾರೆ."

ಅಂಕಣ ಹೋದರೆ ಹುಷಾರಪ್ಪನವರಿಗೆ ಬುಧವಾರವೇ ಹೋಗುತ್ತಿತ್ತು. ಹೆಂಡತಿ ಇದ್ದಾಗ ಬುಧವಾರ ಬೆಳಗ್ಗೆ ಆಕೆಯೇ ಕೆಳಗಿಳಿದು ಹೋಗಿ ಪೇಪರ್ ತರುತ್ತಿದ್ದರು. ಮೂಗಿನ ತುದಿಗೆ ಕನ್ನಡಕ ಏರಿಸಿಕೊಂಡು ಇಡೀ ಅಂಕಣ ಗಟ್ಟಿಯಾಗಿ ಓದಿ, ಕೊನೆಗೆ, "ಇವತ್ತು ಸರಿಯಾಗಿ ಝಾಡಿಸಿದ್ದೀರಿ ಬಿಡಿ" ಅನ್ನುತ್ತಿದ್ದರು. ಪ್ರತಿ ವಾರ ಅದೇ ಮಾತು. ಈಗ ಹುಷಾರಪ್ಪನವರೇ ಖಾಲಿ ಕುರ್ಚಿಯ ಮುಂದೆ ಗಟ್ಟಿಯಾಗಿ ಓದಿಕೊಳ್ಳುತ್ತಾರೆ. ಕುರ್ಚಿ ಏನೂ ಅನ್ನುವುದಿಲ್ಲ.

ಅದಕ್ಕೇ ಆ ಸಾಲು ಬರೆದರು. ಶುದ್ಧ ಸುಳ್ಳು. ಅವರ ಅಡುಗೆಮನೆಯಲ್ಲಿದ್ದದ್ದು ಅರ್ಧ ಡಬ್ಬ ಅಕ್ಕಿ, ಮೂರು ಈರುಳ್ಳಿ, ಒಂದು ಖಾಲಿ ಬೆಂಕಿಪೊಟ್ಟಣ.

ಬುಧವಾರ ಬೆಳಗ್ಗೆ ಬೆಂಕಿಕಡ್ಡಿಯಿಲ್ಲದೆ ಚಹಾ ಹೇಗೆ ಕಾಯಿಸುವುದು ಅಂತ ಒಲೆಯ ಮುಂದೆ ನಿಂತಿದ್ದಾಗಲೇ ಬಾಗಿಲು ಬಡಿಯಿತು. ಕೆಳಗಿನ ಮನೆಯ ಹೆಡ್ ಮೇಡಂ. ನಿವೃತ್ತರಾದರೂ ಕಟ್ಟಡವನ್ನೇ ಶಾಲೆ ಅಂದುಕೊಂಡವರು. ಕೈಯಲ್ಲಿ ಪೇಪರ್.

"ಏನ್ ಸರ್ ನೀವು! ನಿಮ್ಮನೇಲಿ ಇಲಿ ಕೂಡ ಉಪವಾಸ ಇರುತ್ತೆ ಅಂದ್ಕೊಂಡಿದ್ದೆ. ಮೂರು ತಿಂಗಳ ಸಾಮಾನು! ಒಂದ್ಸಲ ಉಗ್ರಾಣ ತೋರ್ಸಿ, ಹೇಗೆ ಜೋಡಿಸಿದ್ದೀರಿ ನೋಡ್ಕೊಂಡು ಹೋಗ್ತೀನಿ."

"ಬೀಗದ ಕೈ ಎಲ್ಲೋ ಇಟ್ಟುಬಿಟ್ಟಿದ್ದೀನಿ ಮೇಡಂ. ಹುಡುಕ್ಬೇಕು."

ಬೀಗದ ಕೈ ಎಲ್ಲೂ ಹೋಗಿರಲಿಲ್ಲ. ಹೆಂಡತಿಯ ಉಣ್ಣೆಯ ಬುಟ್ಟಿಯಲ್ಲಿ, ಅರ್ಧ ಹೆಣೆದ ಸ್ವೆಟರಿನ ಕೆಳಗೇ ಇತ್ತು. ಆ ಮನೆಯಲ್ಲಿ ಮೊದಲಿನಿಂದಲೂ ಒಂದು ಒಪ್ಪಂದ: ವಿದೇಶಾಂಗ ಮತ್ತು ಹಣಕಾಸು ಗಂಡನದು, ಗೃಹ ಇಲಾಖೆ ಹೆಂಡತಿಯದು, ಒಬ್ಬರ ಇಲಾಖೆಗೆ ಇನ್ನೊಬ್ಬರು ಕೈ ಹಾಕಬಾರದು. ಉಗ್ರಾಣ ಗೃಹ ಇಲಾಖೆಗೆ ಸೇರಿದ್ದು. ಆಕೆ ಹೋದ ಮೇಲೂ ಹುಷಾರಪ್ಪನವರು ಅದನ್ನು ತೆರೆದಿರಲಿಲ್ಲ. ತೆರೆದರೆ ಇನ್ನು ಆ ಇಲಾಖೆಗೆ ಯಾರೂ ಇಲ್ಲ ಅಂತ ಒಪ್ಪಿಕೊಂಡ ಹಾಗಾಗುತ್ತದಲ್ಲ! ಅಷ್ಟು ಧೈರ್ಯ ಅವರಿಗಿರಲಿಲ್ಲ.

ಹೆಡ್ ಮೇಡಂ ಹೋದದ್ದೇ ತಡ, ಸುದ್ದಿ ಮೆಟ್ಟಿಲಿಳಿದು ಬೀದಿಗೆ ಬಿತ್ತು. ಹತ್ತೂವರೆಗೆ ಹುಷಾರಪ್ಪನವರು ಬೆಂಕಿಪೊಟ್ಟಣಕ್ಕೆಂದು ದಿನಸಿ ಅಂಗಡಿಗೆ ಹೋದರೆ, ಅಂಗಡಿಯವನು ಬರಿ ಕಪಾಟುಗಳ ಮಧ್ಯೆ ಬೀಗರನ್ನು ಕಳಿಸಿಕೊಟ್ಟವನ ಹಾಗೆ ಕೂತಿದ್ದ.

"ಎಲ್ಲ ನಿಮ್ಮ ದಯೆ ಸ್ವಾಮಿ! ಬೆಳಗ್ಗೆ ಬಾಗಿಲು ತೆಗೆದಿದ್ದಷ್ಟೇ, ಜನ ಗುಡಿಸಿ ಗುಂಡಾಂತರ ಮಾಡಿಬಿಟ್ರು. ಉಪ್ಪೂ ಇಲ್ಲ."

"ಒಂದು ಬೆಂಕಿಪೊಟ್ಟಣ?"

"ನಿಮಗ್ಯಾಕೆ ಸ್ವಾಮಿ, ತಮಾಷೆ ಮಾಡ್ತೀರಾ?" ಅಂತ ಅವನು ಬಿದ್ದು ಬಿದ್ದು ನಕ್ಕ.

ಬರಿಗೈಯಲ್ಲಿ ಹಿಂತಿರುಗುವಾಗ ಸಂಪಾದಕನ ಫೋನ್. "ಸರ್, ಕಮಾಲ್! ನಿಮ್ಮ ಬೀದೀಲಿ ಒಂದು ಪೇಪರೂ ಉಳಿದಿಲ್ಲ. ಪೇಪರ್ ಅಂಗಡಿಯವನು ಇನ್ನೂ ಕಳ್ಸಿ ಅಂತಿದ್ದಾನೆ. ನಾಲ್ಕು ಗಂಟೆಗೆ ಫೋಟೋದವನನ್ನ ಕಳಿಸ್ತಿದ್ದೀನಿ. ನಾಳೆ ಮುಖಪುಟದಲ್ಲಿ ನಿಮ್ಮ ಉಗ್ರಾಣ! ಅದೊಂದು ಬಂದುಬಿಟ್ರೆ, ನೀವು ಇರೋವರೆಗೂ ಅಂಕಣ ನಿಮ್ಮದೇ."

"ಉಗ್ರಾಣ ಬೇಡ, ಬೇಕಾದ್ರೆ ನಾನು..."

"ನಿಮ್ಮ ಮುಖ ಯಾರಿಗ್ ಬೇಕು ಸರ್!" ಅಂತ ಅವನು ಇಟ್ಟೇಬಿಟ್ಟ.

ಹುಷಾರಪ್ಪನವರಿಗೆ ನಾಲ್ಕರೊಳಗೆ ಎಲ್ಲಿಂದಲಾದರೂ ಮೂಟೆ ಹೊಂದಿಸಬೇಕಾಯಿತು. ಮಾನ ಬಿಟ್ಟು ಹೆಡ್ ಮೇಡಂ ಮನೆಗೇ ಹೋದರು. ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಮೂಟೆ. ಮೇಡಂ ಅವುಗಳಿಗೆ ಸೀಮೆಸುಣ್ಣದಲ್ಲಿ ಕ್ರಮಸಂಖ್ಯೆ ಬರೆಯುತ್ತಿದ್ದರು.

"ಮೇಡಂ, ಒಂದು ನಾಲ್ಕು ಮೂಟೆ, ಒಂದೇ ಗಂಟೆ ಹೊತ್ತು... ಫೋಟೋಗೆ ಉಗ್ರಾಣ ಇನ್ನೂ ತುಂಬಿದ ಹಾಗೆ ಕಾಣ್ಲಿ ಅಂತ..."

ಮೇಡಂ ಪೇಪರ್ ಬಿಡಿಸಿ, ಪಾಠ ಒಪ್ಪಿಸುವವರಂತೆ ಓದಿದರು. "'ಕೂಡಿಡದವನಿಗೆ ಕೂಡಿಟ್ಟವನು ಕೊಟ್ಟರೆ ಇಬ್ಬರೂ ಕೆಡುತ್ತಾರೆ. ಬಾಗಿಲು ಬಡಿದವನು ಗೆಳೆಯನಾದರೂ ತೆರೆಯಬೇಡಿ.' ಯಾರು ಸರ್ ಬರೆದದ್ದು?"

"ನಾನೇ."

"ಚೆನ್ನಾಗಿದೆ" ಅಂದು ಮೇಡಂ ಬಾಗಿಲು ಹಾಕಿಕೊಂಡರು.

ನಾಲ್ಕಕ್ಕೆ ಸರಿಯಾಗಿ ಫೋಟೋದವನು ಬಂದ. ಅವನ ಹಿಂದೆ ಹೆಡ್ ಮೇಡಂ, ಟೈಲರ್, ಇಡೀ ಕಟ್ಟಡ. ಮೆಟ್ಟಿಲ ತುಂಬ ತಲೆಗಳು. "ಹೇಳೋದು ಶಾಸ್ತ್ರ, ಹಾಕೋದು ಗಾಳ" ಅಂತ ಟೈಲರ್ ಎಲ್ಲರಿಗೂ ಕೇಳುವಂತೆ ಅಂದ. "ತೆಗೀರಿ ಸಾರ್, ನೋಡೇಬಿಡೋಣ. ಒಳಗೆ ಒಂದು ಹಿಡಿ ಅಕ್ಕಿ ಇದ್ರೆ ನನ್ನ ಮೀಸೆ ಬೋಳಿಸ್ತೀನಿ."

ಹುಷಾರಪ್ಪನವರು ಬೀಗದ ಕೈ ಸಿಗಲಿಲ್ಲ ಅನ್ನಬಹುದಿತ್ತು. ಆದರೆ ಬೆಳಗ್ಗೆಯಿಂದ ಸುಳ್ಳಿನ ಮೇಲೆ ಸುಳ್ಳು ಹೇಳಿ ಅವರಿಗೆ ಸಾಕಾಗಿತ್ತು. ಹೋಗಿ ಉಣ್ಣೆಯ ಬುಟ್ಟಿಗೆ ಕೈ ಹಾಕಿದರು. 'ಕ್ಷಮಿಸು ಮಾರಾಯ್ತಿ, ನಿನ್ನ ಇಲಾಖೆಗೆ ಕೈ ಹಾಕ್ತಿದ್ದೀನಿ' ಅಂತ ಮನಸ್ಸಿನಲ್ಲೇ ಅಂದುಕೊಂಡು ಬೀಗ ತೆಗೆದು ಬಾಗಿಲು ತಳ್ಳಿದರು.

ಬಾಗಿಲು ಅರ್ಧಕ್ಕೇ ನಿಂತಿತು. ಒಳಗೆ ಜಾಗವಿರಲಿಲ್ಲ. ನೆಲದಿಂದ ಸೂರಿನವರೆಗೆ, ಹಳೆಯ ಬಟ್ಟೆಯಲ್ಲಿ ಸುತ್ತಿ ಹುರಿಯಿಂದ ಬಿಗಿದ ಕಟ್ಟುಗಳು. ಗೋಡೆ ಕಟ್ಟಿದ ಹಾಗೆ, ಒಂದರ ಮೇಲೊಂದು.

"ಅಬ್ಬಬ್ಬಾ! ಮೂರು ತಿಂಗಳಲ್ಲ, ಮೂರು ವರ್ಷಕ್ಕಾಗುತ್ತೆ!" ಅಂದರು ಹೆಡ್ ಮೇಡಂ. ಟೈಲರ್ ಮೀಸೆ ಮುಟ್ಟಿ ನೋಡಿಕೊಂಡ. ಫೋಟೋದವನು ಪಟಪಟ ಫೋಟೋ ಹೊಡೆದ.

ಹುಷಾರಪ್ಪನವರು ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತುಬಿಟ್ಟರು. ಊರಿಗೆಲ್ಲ ಹುಷಾರು ಹೇಳಿದ್ದೇ ಬಂತು, ಕಿವಿಗೆ ಹಾಕಿಕೊಂಡದ್ದು ಇವಳೊಬ್ಬಳೇ ಅಲ್ಲವೇ! ಒಂದು ಮಾತೂ ಆಡದೆ, ನಾಳೆ ಈ ಮನುಷ್ಯ ಉಪವಾಸ ಬೀಳಬಾರದು ಅಂತ ವರ್ಷಗಟ್ಟಲೆ ಕೂಡಿಟ್ಟಿದ್ದಾಳೆ. ಹತ್ತು ತಿಂಗಳಲ್ಲಿ ಮೊದಲ ಸಲ ಅವರ ಎದೆ ಹಗುರಾಯಿತು.

"ಒಳಗೇನಿದೆ ಅದನ್ನೂ ತೋರಿಸಿ" ಅಂದ ಫೋಟೋದವನು. ಟೈಲರ್ ಜೇಬಿನಿಂದ ಕತ್ತರಿ ತೆಗೆದು ಒಂದು ಹುರಿ ಕತ್ತರಿಸಿದ.

ಪೇಪರ್. ಬುಧವಾರದ ಪೇಪರ್, ಮಡಿಕೆ ಕೂಡ ಬಿಚ್ಚದ್ದು. ಇನ್ನೊಂದು ಕಟ್ಟು ಕತ್ತರಿಸಿದ. ಅದೂ ಅದೇ, ಅದರ ಹಿಂದಿನ ಬುಧವಾರದ್ದು. ಮತ್ತೊಂದು. ಮತ್ತೊಂದು.

ಆಗ ಜನರ ನಡುವಿನಿಂದ ಬೀದಿ ಮೂಲೆಯ ಪೇಪರಿನವನು ಮುಂದೆ ಬಂದ. ಎಲ್ಲರ ಹಾಗೆ ಅವನೂ ನೋಡಲು ಬಂದಿದ್ದವನು. ಕಂಕುಳಲ್ಲಿ ಧೂಳು ಹಿಡಿದ ಒಂದು ಕಟ್ಟು.

"ಸರ್, ಅಮ್ಮಾವ್ರು ಹೇಳ್ಬೇಡ ಅಂತ ಆಣೆ ಹಾಕಿಸಿದ್ರು. ಬುಧವಾರ ಬುಧವಾರ ಮೂವತ್ತು ಪೇಪರ್ ಅವರೇ ತಗೋತಿದ್ರು. ನೀವು ಲೈಬ್ರರಿಗೆ ಹೋದ್ಮೇಲೆ ನಾನೇ ಹೊತ್ಕೊಂಬಂದು ಇಲ್ಲಿಡ್ತಿದ್ದೆ. ಸ್ವೆಟರ್ ಹೆಣೆದ ದುಡ್ಡು ಸರ್ ಅದು. 'ಅವರ ಅಂಕಣ ನಿಂತ್ರೆ ಅವರು ಮಾತೇ ಬಿಟ್ಟುಬಿಡ್ತಾರೆ ಕಣಪ್ಪ' ಅಂತಿದ್ರು."

"ಮೂವತ್ತೂ?" ಅಂದರು ಹುಷಾರಪ್ಪನವರು.

"ಮೂವತ್ತೂ ಸರ್. ಬೇರೆಯವರು ನಿಮ್ಮ ಅಂಕಣಕ್ಕೇ ಅಂತ ತಗೊಂಡಿದ್ದು ಇವತ್ತೇ ಮೊದಲು."

ಇವತ್ತಿನದು! ಏಳು ವರ್ಷ ಪ್ರಾಮಾಣಿಕವಾಗಿ ಬರೆದದ್ದನ್ನೆಲ್ಲ ಹೆಂಡತಿ ಕೊಂಡಳು. ಒಂದೇ ಒಂದು ಸುಳ್ಳು ಬರೆದದ್ದನ್ನು ಊರು ಕೊಂಡಿತು.

ಟೈಲರ್ ಬಾಯಿ ತೆರೆದ. 'ನಿಮ್ಮನ್ನೂ ಯಾರೋ ಎತ್ತಿ ಹಿಡಿದಿದ್ರಲ್ಲ ಸಾರ್!' ಅನ್ನುವ ಮಾತು ನಾಲಗೆಯ ತುದಿಗೇ ಬಂದಿತ್ತು. ಇಂಥ ಗಳಿಗೆಗೆ ಅವನು ವರ್ಷಗಟ್ಟಲೆ ಕಾದಿದ್ದ. ಆದರೆ ಹುಷಾರಪ್ಪನವರ ಮುಖ ನೋಡಿ ಅದನ್ನು ನುಂಗಿಕೊಂಡ. ಕತ್ತರಿಯನ್ನು ಜೇಬಿಗಿಟ್ಟು, "ನಡೀರಿ, ನಡೀರಿ, ಇಲ್ಲೇನು ನಾಟಕ ನಡೀತಿದೆಯಾ" ಅಂತ ಜನರನ್ನೆಲ್ಲ ಅವನೇ ಕೆಳಗೆ ಅಟ್ಟಿದ. ಹೋಗುವಾಗ ಹೆಡ್ ಮೇಡಂ ಮೂಟೆಗಳ ಕೆಳಗೆ ಹಾಸಲು ಅಂತ ಎರಡು ಕಟ್ಟು ಎತ್ತಿಕೊಂಡರು.

ಪೇಪರಿನವನು ಮಾತ್ರ ನಿಂತಿದ್ದ. ಕಂಕುಳಲ್ಲಿದ್ದ ಕಟ್ಟನ್ನು ಕೆಳಗಿಟ್ಟ. "ಇದು ಕೊನೇದು ಸರ್. ಆಸ್ಪತ್ರೆಯಿಂದ ಫೋನ್ ಮಾಡಿ 'ಈ ವಾರದ್ದೂ ಎತ್ತಿಡು' ಅಂದಿದ್ರು. ಮರುದಿನಾನೇ ಹೀಗಾಯ್ತು. ಯಾರಿಗೆ ಕೊಡೋದು ಗೊತ್ತಾಗ್ದೆ ನನ್ನ ಹತ್ರಾನೇ ಉಳೀತು."

ಅವನು ಹೋದ ಮೇಲೆ ಸಂಪಾದಕನ ಫೋನ್. ಫೋಟೋದವನು ಎಲ್ಲ ಹೇಳಿದ್ದ. "ಸರ್, ಬೇಜಾರ್ ಮಾಡ್ಕೋಬೇಡಿ, ಮುಂದಿನ ವಾರದಿಂದ ಆ ಜಾಗದಲ್ಲಿ ಪದಬಂಧ..."

"ಸರಿಯಾಗೇ ಇದೆಯಪ್ಪ. ಸ್ವಂತ ಕಾಲ ಮೇಲೆ ನಿಲ್ಲಲಾರದ್ದು ಅದು. ನಿನ್ನ ಜಾಗದಲ್ಲಿ ನಾನಿದ್ರೂ ಹೀಗೇ ಮಾಡ್ತಿದ್ದೆ" ಅಂದರು ಹುಷಾರಪ್ಪನವರು.

ಚಹಾ ಬೇಕೆನಿಸಿತು. ಮೂರು ವರ್ಷ ಒಲೆ ಉರಿಸುವಷ್ಟು ಕಾಗದವಿತ್ತು, ಒಂದು ಬೆಂಕಿಕಡ್ಡಿಯಿರಲಿಲ್ಲ. ಹೊತ್ತು ಹೋಗದೆ, ಟೈಲರ್ ಬಿಚ್ಚಿಟ್ಟಿದ್ದ ಕಟ್ಟೊಂದನ್ನು ಎಳೆದುಕೊಂಡು ಎಣಿಸಿದರು. ಇಪ್ಪತ್ತೊಂಬತ್ತು. ಇನ್ನೊಂದು ಎಣಿಸಿದರು. ಅದೂ ಇಪ್ಪತ್ತೊಂಬತ್ತು. ಮತ್ತೊಂದೂ ಅಷ್ಟೇ. ಹುಷಾರಪ್ಪನವರ ಪಿತ್ತ ನೆತ್ತಿಗೇರಿತು. ನೋಡಿ, ಇದೇ ಈ ದೇಶದ ಹಣೆಬರಹ! ಮೂವತ್ತಕ್ಕೆ ದುಡ್ಡು ತಗೊಂಡು ವಾರಕ್ಕೊಂದು ಪೇಪರ್ ನುಂಗಿದ್ದಾನೆ ಭೂಪ, ಮೇಲೆ ಆಣೆಯ ಕತೆ ಬೇರೆ! ಇದರ ಮೇಲೇ ಒಂದು ಅಂಕಣ ಬರೆಯಬೇಕು ಅಂತ ಪೆನ್ನಿಗೆ ಕೈ ಹಾಕಿದವರು ಹಾಗೇ ನಿಂತುಬಿಟ್ಟರು.

ಎದುರಿಗೆ ಖಾಲಿ ಕುರ್ಚಿಯಿತ್ತು. ಬುಧವಾರ ಬೆಳಗ್ಗೆ ಆಕೆ ಕೆಳಗಿಳಿದು ಹೋಗಿ ತರುತ್ತಿದ್ದ ಪೇಪರ್, ಮೂಗಿನ ತುದಿಯ ಕನ್ನಡಕ, ಇವತ್ತು ಸರಿಯಾಗಿ ಝಾಡಿಸಿದ್ದೀರಿ ಬಿಡಿ.

ಬಹಳ ಹೊತ್ತಾದ ಮೇಲೆ ಪೇಪರಿನವನು ಇಟ್ಟುಹೋಗಿದ್ದ ಕೊನೆಯ ಕಟ್ಟನ್ನು ಮಡಿಲಿಗೆಳೆದುಕೊಂಡು ಧೂಳು ಒರೆಸಿದರು. ಹುರಿ ಬಿಚ್ಚಿ, ಒಂದೊಂದಾಗಿ ಎಣಿಸಿದರು. ತಪ್ಪಿರಬಹುದೆಂದು ಮತ್ತೊಮ್ಮೆ ಎಣಿಸಿದರು.

ಆ ಕಟ್ಟಿನಲ್ಲಿ ಮಾತ್ರ ಮೂವತ್ತೂ ಇದ್ದವು.