ಕಾಣದ ಬೆಳಕು, ಕಾಣುವ ಕೊಳೆ

ನಾನು ಒಗೆದ ಬಟ್ಟೆಯಲ್ಲಿ ಕೊಳೆ ಹುಡುಕುವವರು ಇನ್ನೂ ಹುಟ್ಟಿಲ್ಲ. ಲಾಡ್ಜಿನ ಬಟ್ಟೆ ಒಗೆಯುವ ಕೋಣೆಯಲ್ಲಿ ನಿಂತು ಎಲ್ಲರೆದುರು ಹಾಗೆಂದಿದ್ದೆ. ಗಂಡ ತೀರಿಕೊಂಡು, ಅವರ ಕೆಲಸ ನನ್ನ ಕೈಗೆ ಬಂದು ಮೂರು ತಿಂಗಳು. ಹೊಸ ಸೂಪರ್‌ವೈಸರ್‌ಗೆ ನಾನು ಬೇಡವಾಗಿದ್ದೆ.

ಒಂದು ಬೆಳಿಗ್ಗೆ ಆತ ಬೆರಳುದ್ದದ ಟಾರ್ಚು ತಂದ. ಕಿಟಕಿ ಮುಚ್ಚಿಸಿ ನನ್ನ ಬಿಳಿ ಚಾದರಗಳ ಮೇಲೆ ಬಿಟ್ಟ. ಅವು ನೀಲಿಯಾಗಿ ಹೊಳೆದವು.

“ಹೊಳೀತಿರೋದೆಲ್ಲ ಕೊಳೆ. ಇದು ನೇರಳಾತೀತ ಬೆಳಕು. ಕಣ್ಣಿಗೆ ಕಾಣಲ್ಲ.”

“ಕಾಣದ ಬೆಳಕಲ್ಲಿ ಕಾಣೋ ಕೊಳೆ ನನ್ನದಲ್ಲ ಸ್ವಾಮಿ, ನಿಮ್ಮ ಟಾರ್ಚಿಂದು.”

“ಆಸ್ಪತ್ರೇಲಿ ಇದರಿಂದ ಕ್ರಿಮಿ ಸಾಯಿಸ್ತಾರೆ, ಬ್ಯಾಂಕಲ್ಲಿ ಖೋಟಾ ನೋಟು ಹಿಡೀತಾರೆ. ನಿಮ್ಮ ಚಾದರ ಹಿಡಿಯಲ್ವಾ? ಸಂಜೆಯೊಳಗೆ ಕೊಳೆ ಹೋಗ್ಬೇಕು. ಇಲ್ಲ, ನೀವು ಹೋಗ್ಬೇಕು.”

ಹೋಗುವವಳು ನಾನಲ್ಲ. ಒಂದು ಹಿಡಿ ಸೋಪಿನ ಪುಡಿ ಹಾಕುವಲ್ಲಿ ನಾಲ್ಕು ಹಿಡಿ ಸುರಿದೆ. ಆತ ಬಂದು ಮತ್ತೆ ಟಾರ್ಚು ಬಿಟ್ಟ. ಇನ್ನೂ ಜೋರಾಗಿ ಹೊಳೆಯಿತು. ಎಂಟು ಹಿಡಿ ಸುರಿದೆ. ನೊರೆ ಮೆಷಿನ್ನಿನ ಬಾಯಿಂದ ಉಕ್ಕಿ, ಬಾಗಿಲು ದಾಟಿ, ಗಿರಾಕಿಗಳ ಕೋಣೆಯತ್ತ ಸವಾರಿ ಹೊರಟಿತು. ಆತನ ಟಾರ್ಚಿನಡಿ ಚಾದರ ಮಾತ್ರ ಚಂದ್ರಲೋಕದಿಂದ ಇಳಿದುಬಂದಂತೆ ಹೊಳೆಯುತ್ತಿತ್ತು.

“ಅಕ್ಕಾ, ಸಾಕು ಮಾಡು,” ಎಂದಳು ಇಸ್ತ್ರಿಯವಳು. “ನೀನು ಒಗೆದಷ್ಟೂ ಹೊಳೀತಿದೆ.”

ಆಗ ನನಗೆ ತಿಳಿಯಿತು. ಟಾರ್ಚು ಕಿತ್ತುಕೊಂಡು ಸೋಪಿನ ಪುಡಿಗೇ ಬಿಟ್ಟೆ. ಪುಡಿಯೇ ಹೊಳೆಯಿತು. ಬಟ್ಟೆ ಬೆಳ್ಳಗೆ ಕಾಣಲೆಂದು ಅದರಲ್ಲಿ ಏನನ್ನೋ ಬೆರೆಸಿರುತ್ತಾರೆ ಎಂದು ಇಸ್ತ್ರಿಯವಳು ಪೊಟ್ಟಣ ಓದಿ ಹೇಳಿದಳು. ಸೂಪರ್‌ವೈಸರನ ಬಿಳಿ ಅಂಗಿಗೂ ಬಿಟ್ಟೆ. ದೀಪ ಹಚ್ಚಿದಂತಾಯಿತು.

“ಹಾಗಾದ್ರೆ ನೀವೂ ಕೊಳೆನಾ ಸ್ವಾಮಿ?”

ಆತ ಬಗ್ಗಲಿಲ್ಲ. ಟಾರ್ಚನ್ನು ವಾಪಸ್ ಕಿತ್ತುಕೊಂಡು ನನ್ನ ಕಡೆಗೇ ತಿರುಗಿಸಿದ. ನಾನು ಗಂಡನ ಕಂದು ಸ್ವೆಟರ್ ಹಾಕಿಕೊಂಡಿದ್ದೆ. ಅದು ಒಂದಿಷ್ಟೂ ಹೊಳೆಯಲಿಲ್ಲ.

“ನೋಡಿ, ಕ್ಲೀನ್ ಅಂದ್ರೆ ಇದು. ಇದನ್ನ ಹೇಗೆ ಒಗೀತೀರೋ ಚಾದರಾನೂ ಹಾಗೇ ಒಗೀರಿ.”

ಬಾಯಿ ಬಿಡದೆ ಬೇರೆ ದಾರಿಯಿರಲಿಲ್ಲ.

“ಇದನ್ನ ಒಗೆದೇ ಇಲ್ಲ. ಅವರು ಹೋದಾಗಿಂದ ಒಂದ್ಸಲಾನೂ ನೀರು ಮುಟ್ಟಿಸಿಲ್ಲ. ಒಗೆದ್ರೆ ಅವರ ವಾಸನೆ ಹೋಗಿಬಿಡುತ್ತೆ.”

ಸೂಪರ್‌ವೈಸರ್ ಟಾರ್ಚು ಆರಿಸಿ ಜೇಬಿಗೆ ಹಾಕಿಕೊಂಡ. “ಚಾದರ ಸರಿಯಾಗಿವೆ. ಇಸ್ತ್ರಿಗೆ ಕಳಿಸಿ,” ಎಂದು ನೊರೆಯಲ್ಲಿ ಕಾಲು ಎತ್ತೆತ್ತಿ ಇಡುತ್ತ ಹೋದ. ಕೆಲಸ ಉಳಿಯಿತು. ಗೆದ್ದೆನೆಂದು ಎದೆಯುಬ್ಬಿಸಿ ನಿಂತೆ.

ಇಸ್ತ್ರಿಯವಳು ಮೆಲ್ಲಗೆ ಹತ್ತಿರ ಬಂದಳು.

“ಅಕ್ಕಾ, ಬೇಜಾರು ಮಾಡ್ಕೋಬೇಡ. ಭಾವನ ವಾಸನೆ ಅಷ್ಟು ಸುಲಭಕ್ಕೆ ಹೋಗಲ್ಲ. ಎರಡು ತಿಂಗಳಿಂದ ನನ್ನ ಇಸ್ತ್ರಿ ಮೇಜಿನ ತನಕ ಬರ್ತಿದೆ.”