ಎರಡು ಅರಸುಮನೆ, ಒಂದು ಪಾಸ್‌ಪೋರ್ಟ್

ಫೋಟೋದ ಚೌಕಟ್ಟು ಹರ್ಬರ್ಟನ ಕಿವಿಯ ಪಕ್ಕದಲ್ಲೇ ಹಾರಿ ಕಪಾಟಿಗೆ ಬಡಿಯಿತು. ಚೂರಾದ ಗಾಜಿನ ನಡುವೆ ಕನ್ನಡಕದ ರಾಜನೊಬ್ಬ ಅಂಗಾತ ಬಿದ್ದಿದ್ದ.

“ಒಬ್ರೆನೊವಿಚ್!” ಮ್ಯಾನೇಜರ್ ದ್ರಾಗಿಶಾ ಕಿರುಚಿದ. “ನನ್ನ ಮೇಜಿನ ಮೇಲೆ! ಇವನನ್ನು ಕೊಂದು ಕಿಟಕಿಯಿಂದಾಚೆ ಎಸೆದವರಲ್ಲಿ ನನ್ನ ಮುತ್ತಾತನೂ ಇದ್ದ, ಗೊತ್ತಾ?”

ಗೊತ್ತಿರಲಿಲ್ಲ. ಹರ್ಬರ್ಟನಿಗೆ ಗೊತ್ತಿದ್ದುದು ಇಷ್ಟೇ: ಇವತ್ತು ಗುರುವಾರ. ಭಾನುವಾರ ಮಂಗಳೂರಿನಲ್ಲಿ ಮೈಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರ, ಸೋಮವಾರ ಅವನ ಮದುವೆ. ಪಾಸ್‌ಪೋರ್ಟ್ ಮಾತ್ರ ಗಲ್ಫಿನ ಎಲೆಕ್ಟ್ರಾ ಸ್ಟ್ರೀಟಿನ ಈ ಆಫೀಸಿನ ಲಾಕರಿನೊಳಗೆ, ಗೂಡಿಗೆ ತುರುಕಿದ ಕೋಳಿಯ ಹಾಗೆ. ರಜೆಗೆ ಸಹಿ ಹಾಕಬೇಕಾದವನು ದ್ರಾಗಿಶಾ, ಲಾಕರಿನ ಬೀಗದ ಕೈ ಅಕೌಂಟ್ಸಿನ ನೆನಾದನ ಬಳಿ. ಇಬ್ಬರೂ ಸರ್ಬಿಯಾದವರು. ಇಬ್ಬರ ನಡುವೆ ಪಕ್ಷಗಳು ಮೂರು, ಮಾತು ಒಂದೂ ಇಲ್ಲ.

ಹೊರಗೆ ಬಂದವನೇ ಹರ್ಬರ್ಟ್ ಪಕ್ಕದ ಮೇಜಿನ ಅಡಿವೆಪ್ಪನ ಕಾಲರ್ ಹಿಡಿದ. ಗದಗಿನ ಅಡಿವೆಪ್ಪ ಕೇಳದಿದ್ದರೂ ಸಲಹೆ ಕೊಡುವವ.

“ರಾಜನ ಫೋಟೋ ಕೊಡು, ಸಾಹೇಬ ಕರಗ್ತಾನೆ ಅಂತ ಹೇಳಿದ್ದು ಯಾರು ಮಾರಾಯ?”

“ಕರಗಬೇಕಿತ್ತಪಾ! ಒಂದ್ ದೇಶಕ್ಕ ಒಂದ್ ರಾಜಮನೆತನ ಇರ್ತದ. ಮೈಸೂರಿಗೆ ಎಷ್ಟ್ ಅದಾವ? ಇವರು ಎರಡೆರಡು ಇಟ್ಕೊಂಡಾರಂದ್ರ ನಂದೇನ್ ತಪ್ಪು?”

ರಿಸೆಪ್ಷನ್ನಿನ ಬೆಟ್ಟಿ ಇಂಟರ್ನೆಟ್ ತೆರೆದಳು. ಒಬ್ರೆನೊವಿಚ್ ಮನೆತನದ ಕೊನೆಯ ರಾಜನನ್ನು ಅವನ ಸೇನಾಧಿಕಾರಿಗಳೇ ಕೊಂದು ಈ ಜೂನಿಗೆ ನೂರು ವರ್ಷ. ಆ ಮನೆತನದ ಬೆನ್ನಿಗಿದ್ದ ಸಂಪ್ರದಾಯವಾದಿಗಳ ಪಕ್ಷದ ಹೆಸರು ‘ಪ್ರಗತಿಪರ’. ಆಮೇಲೆ ಬಂದ ಕರಾಜೊರ್ಜೆವಿಚ್ ರಾಜನ ಕಾಲದಲ್ಲಿ ಕುರ್ಚಿ ಹಿಡಿದದ್ದು ‘ರ್‍ಯಾಡಿಕಲ್’ ಪಕ್ಷ. ಕೂತ ಮೇಲೆ ಅದೂ ಸಂಪ್ರದಾಯವಾದಿಯೇ.

“ಬೋರ್ಡ್ ನೋಡಿ ಹೋಟೆಲಿಗೆ ನುಗ್ಬಾರ್ದು ಅಂತ ಇದಕ್ಕೇ ಹೇಳುದು,” ಎಂದಳು ಬೆಟ್ಟಿ.

“ಸಾಕು ನಿನ್ನ ಪಾಠ! ಆ ಇನ್ನೊಬ್ಬನನ್ನು ಪ್ರಿಂಟ್ ತೆಗಿ!” ಎಂದ ಹರ್ಬರ್ಟ್.

ಕೆಳಗಿನ ಅಂಗಡಿಯ ಮೊಯ್ದೀನ್ ಬಿಳಿ ಮೀಸೆಯ ರಾಜನಿಗೆ ಹೊಸ ಚೌಕಟ್ಟು ಹಾಕಿಕೊಟ್ಟ. ಅದನ್ನು ನೋಡಿದ್ದೇ ದ್ರಾಗಿಶಾ ಹರ್ಬರ್ಟನ ಕೆನ್ನೆಗಳಿಗೆ ಅವರ ಪದ್ಧತಿಯಂತೆ ಮೂರು ಮುತ್ತು ಕೊಟ್ಟ, ರಜೆಗೆ ಸಹಿ ಹಾಕಿದ. “ಆಫೀಸ್ ಹಾಲ್‌ನ ಗೋಡೆಗೇ ತೂಗುಹಾಕು!”

ಹರ್ಬರ್ಟ್ ಮೊಳೆ ಹೊಡೆದು ತೂಗುಹಾಕುವಷ್ಟರಲ್ಲಿ ನೆನಾದ್ ಈಚೆ ಬಂದ. ಮುಖ ಟೊಮೇಟೊ ಆಯಿತು.

“ಕೊಲೆಗಾರರು ಕೂರಿಸಿದ ರಾಜ! ನನ್ನ ಅಜ್ಜ ಇವನ ಹೆಸರಲ್ಲಿ ನಾಯಿಯನ್ನೂ ಕರೆಯುತ್ತಿರಲಿಲ್ಲ!” ರಜೆಯ ಅರ್ಜಿ ಎರಡು ತುಂಡಾಯಿತು. “ಬೀಗದ ಕೈ ಸಿಗುವುದಿಲ್ಲ!”

ದ್ರಾಗಿಶಾ ಓಡಿಬಂದ. ಇಬ್ಬರ ಬೈಗುಳ ಸರ್ಬಿಯನ್ ಭಾಷೆಯಲ್ಲಿ ಶುರುವಾಯಿತು.

ಹರ್ಬರ್ಟನ ತಲೆಯೊಳಗೆ ಏನೋ ಸಿಡಿಯಿತು. ಸತ್ತವರಿಗಾಗಿ ನೂರು ವರ್ಷ ಜಗಳ, ಬದುಕಿರುವವನ ಪಾಸ್‌ಪೋರ್ಟಿಗೆ ಬೀಗ! ಕಸದ ಬುಟ್ಟಿಯಿಂದ ಕನ್ನಡಕದ ರಾಜನನ್ನು ಎತ್ತಿದ, ಬಿಳಿ ಮೀಸೆಯವನ ಪಕ್ಕದಲ್ಲೇ ಇಟ್ಟು ಮೊಳೆ ಜಡಿದ.

“ಇವನೂ ಸತ್ತ, ಅವನೂ ಸತ್ತ! ಖಲಾಸ್! ಮದುವೆ ಆಗ್ಬೇಕಾದವ ನಾನು!” ಎಂದು ಕನ್ನಡದಲ್ಲೇ ಅರಚಿದ.

ಇಬ್ಬರೂ ಗೋಡೆ ನೋಡಿದರು. ನೆನಾದನ ಕಣ್ಣು ಒದ್ದೆಯಾಯಿತು.

“ಎರಡು ಮನೆತನ, ಒಂದೇ ಗೋಡೆ,” ಎಂದ ದ್ರಾಗಿಶಾ. “ನೂರು ವರ್ಷದಲ್ಲಿ ನಮ್ಮ ಯಾವ ನಾಯಕನಿಗೂ ಹೊಳೆಯಲಿಲ್ಲ!” ಇಬ್ಬರೂ ತಬ್ಬಿಕೊಂಡು ಮೂರು ಮೂರು ಮುತ್ತು ಕೊಟ್ಟುಕೊಂಡರು.

ಲಾಕರ್ ತೆರೆಯಿತು. ಪಾಸ್‌ಪೋರ್ಟ್ ಹೊರಗೆ ಬಂತು. ಅಡಿವೆಪ್ಪ ಕಾಲರ್ ಸರಿಮಾಡಿಕೊಂಡ: “ನಾ ಹೇಳಲಿಲ್ಲೇನ್? ಕರಗಿದ್ರು!”

“ಸೋಮವಾರ ಬೆಲ್‌ಗ್ರೇಡ್‌ನಲ್ಲಿ ನಮ್ಮಿಬ್ಬರ ಪಕ್ಷಗಳದೂ ಬೇರೆ ಬೇರೆ ಸಭೆಯಿತ್ತು,” ಎಂದ ನೆನಾದ್. “ಇನ್ನು ಒಂದೇ ಪಕ್ಷ, ಒಂದೇ ಸಭೆ. ಮುಖ್ಯ ಅತಿಥಿ ನೀನು. ಟಿಕೆಟ್ ಕಂಪನಿಯದು, ನಾಳೆಯೇ ವಿಮಾನ.”

“ಸರ್, ಸೋಮವಾರ ನನ್ನ ಮದುವೆ.”

“ಮದುವೆ ಮುಂದಿನ ವರ್ಷವೂ ಆಗುತ್ತದೆ, ಇತಿಹಾಸ ಕಾಯುತ್ತದೆಯೇ?” ದ್ರಾಗಿಶಾ ಅವನ ಹೆಗಲ ಮೇಲೆ ಕೈಯಿಟ್ಟ.

“ಹೂಂ ಅಂದ್ಬಿಡಪಾ,” ಅಡಿವೆಪ್ಪ ಪಿಸುಗುಟ್ಟಿದ. “ಪಾಸ್‌ಪೋರ್ಟ್ ಕೈಗೆ ಬಂದ್ರ ಮಂಗಳೂರಿಗೇ ಹಾರು!”

“ಹೆದರಬೇಡ, ಕಳೆದುಹೋಗುವುದಿಲ್ಲ,” ಎಂದು ನೆನಾದ್ ಪಾಸ್‌ಪೋರ್ಟನ್ನು ತನ್ನ ಕೋಟಿನ ಒಳಜೇಬಿಗೆ ಇಳಿಸಿದ. “ಹೋಗಿ ಬರುವ ತನಕ ಇಲ್ಲೇ ಇರುತ್ತದೆ. ಬರುತ್ತೀಯಲ್ಲ?”

ಹರ್ಬರ್ಟ್ ಆ ಜೇಬನ್ನು ನೋಡಿದ. ಗೋಡೆಯ ಮೇಲಿನ ಇಬ್ಬರನ್ನೂ ನೋಡಿದ. ಸುತ್ತಿಗೆಯನ್ನು ಬೆಟ್ಟಿಯ ಮೇಜಿನ ಮೇಲೆ ಕುಕ್ಕಿದ.

“ಬರುವುದಿಲ್ಲ.”